ಲಾಟಿನ ಪಕ್ಕದಲ್ಲಿ ನಿಲ್ಲುವುದು

ಹೋದ ಶನಿವಾರ ಬೆಂಗಳೂರಿನ ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ಸೆಕ್ಯೂರಿಟಿಯವನು ನನ್ನ ಬ್ಯಾಗಿಗೆ ಕೈಹಾಕಿ ಒಂದು ರೇಷ್ಮೆಗೂಡನ್ನು ಹೊರಗೆ ತೆಗೆದ. ಛತ್ರಿ, ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ, ಬಿ.ಪಿ. ಮಾತ್ರೆ ಇವನ್ನೆಲ್ಲ ಸಲೀಸಾಗಿ ದಾಟಿ ಬಂದಿದ್ದ ಅವನ ಕೈ ಅಲ್ಲಿ ನಿಂತುಬಿಟ್ಟಿತು. ದೂರದ ರಾಜ್ಯದಿಂದ ಬಂದವನು, ಮೀಸೆ ನರೆತಿತ್ತು, ಕನ್ನಡ ಈಗಷ್ಟೇ ಕಲಿಯುತ್ತಿದ್ದ. ಗೂಡನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ, "ಮೇಡಂ, ಇದು ಮೊಟ್ಟೆ ಇದೆಯಾ?" ಎಂದು ಕೇಳಿದ.

"ಮೊಟ್ಟೆ ಅಲ್ಲಪ್ಪ, ಗೂಡು."

"ಹಕ್ಕೀದು?"

"ಹುಳದ್ದು."

ಹುಳ ಎಂದದ್ದೇ ತಪ್ಪಾಯಿತು ನೋಡಿ. ಅವನು ಹಿಂದೆ ಸರಿದ. ನನ್ನ ಹಿಂದೆ ಸೆಂಟಿನ ಘಮದೊಂದಿಗೆ ನಿಂತಿದ್ದ ಹೆಂಗಸು ಅವನಿಗಿಂತ ಹಿಂದೆ ಸರಿದರು. ನಾನು ಗೂಡನ್ನು ಅವನ ಕೈಯಿಂದ ಈಸಿಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಹುಳ ಲೊಟಲೊಟ ಎನ್ನುವುದನ್ನು ಅವನಿಗೂ ಕೇಳಿಸಿ, "ಇದು ಸತ್ತು ವರ್ಷಗಳಾದವು, ಹೆದರಬೇಡ. ಆ ಮೇಡಂ ಉಟ್ಟಿರುವ ಸೀರೆ ಬಂದಿದ್ದೂ ಇದರಿಂದಲೇ" ಎಂದೆ. ಸೀರೆಯವರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಆ ಗೂಡು ನನ್ನ ಬ್ಯಾಗಿನ ಪಕ್ಕದ ಜಿಪ್ಪಿನಲ್ಲಿ ಯಾಕಿದೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನಾನು ಹೇಳಲು ಶುರು ಮಾಡಿ, ಹಿಂದಿದ್ದ ಸಾಲು ಪೂರ್ತಿ ಬೇಜಾರಾಗಿ ಮನೆಗೆ ಹೋಗುತ್ತಿತ್ತು. ನೀವು ಪುರಸೊತ್ತಾಗಿ ಕೂತಂತಿದೆ, ನಿಮಗೇ ಹೇಳುತ್ತೇನೆ.

ನಾನು ಚನ್ನಪಟ್ಟಣದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ನಾನು ಹೋಗಿದ್ದು ಚಿತ್ರಗಳ ಪ್ರಿವ್ಯೂಗೆ. ದೊಡ್ಡ ದೊಡ್ಡ ಕಲಾವಿದರ ಚಿತ್ರಗಳನ್ನು ಹರಾಜು ಹಾಕುವ ಸಂಸ್ಥೆಗಳಿವೆ. ಹರಾಜಿಗೆ ಮೊದಲು ಕೆಲವು ದಿನ ಅವನ್ನೆಲ್ಲ ಗೋಡೆಗೆ ತಗುಲಿಸಿ, ಯಾರು ಬೇಕಾದರೂ ಬಂದು ನೋಡಿ ಎನ್ನುತ್ತಾರೆ. ಟಿಕೆಟ್ಟಿಲ್ಲ. ಎ.ಸಿ. ಇದೆ. ಕೆಲವು ಕಡೆ ಬೆರಳಿನಷ್ಟು ಬಿಸ್ಕತ್ತು, ಗುಟುಕಿನಷ್ಟು ಕಾಫಿ ಕೂಡ ಇರುತ್ತದೆ. ನಮ್ಮ ಕಡೆ ಹರಾಜು ಅಂದರೆ ಮರ್ಯಾದೆ ಹೋಗುವ ಮಾತು. "ಮಾನ ಹರಾಜು ಹಾಕ್ಬುಟ್ಟ" ಎಂದು ಬೈಯುತ್ತೇವೆ. ಅದೇ ಹರಾಜಿಗೆ ಇಲ್ಲಿ ಜನ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬರುತ್ತಾರೆ.

ನನ್ನ ಯಜಮಾನರಿಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಅವರು ಮಾಗಡಿ ಕಡೆ ಗುಡೇಮಾರನಹಳ್ಳಿಯವರು, ಒಂದು ಕೆಲಸಕ್ಕೆ ಹೋದರೆ ಒಂದು ಸಾಮಾನಾದರೂ ತರಬೇಕು ಎನ್ನುವ ಪೈಕಿ. "ಕೊಳ್ಳಕಿಲ್ಲ, ಮಾರಕಿಲ್ಲ, ಅಲ್ಲೇನ್ ಕೆಲ್ಸ ನಿಂಗೆ?" ಎನ್ನುತ್ತಾರೆ. ನೋಡುವುದೂ ಒಂದು ಕೆಲಸ ಎಂದರೆ ನಗುತ್ತಾರೆ. ನಗಲಿ. ಈಗೀಗ ನನಗೆ ಅಲ್ಲಿನ ರೀತಿ ರಿವಾಜು ಎಲ್ಲ ಬಂದಿದೆ. ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಏನೂ ಅರ್ಥವಾಗದ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಒಂದು ಸಲ ನಾನು ಹೀಗೆ ಬಹಳ ಗಂಭೀರವಾಗಿ ತಲೆದೂಗುತ್ತ ನಿಂತದ್ದು ಗೋಡೆಯ ಫ್ಯೂಸ್ ಪೆಟ್ಟಿಗೆಯ ಬಿಳೀ ಮುಚ್ಚಳದ ಮುಂದೆ. ಪಕ್ಕದಲ್ಲಿ ಇನ್ನೊಬ್ಬರೂ ಬಂದು ನಿಂತರು ಎನ್ನುವುದೊಂದೇ ಸಮಾಧಾನ.

ಆ ಹಾಲಿನಲ್ಲಿ ನನಗೆ ಮೊದಲು ಪರಿಚಿತವಾಗಿ ಕಂಡದ್ದು ಒಂದೇ ಒಂದು ಪದ. ಪ್ರತಿ ಚಿತ್ರದ ಕೆಳಗೆ ಸಣ್ಣ ಕಾರ್ಡಿನಲ್ಲಿ ಬರೆದಿರುತ್ತಾರಲ್ಲ, ಲಾಟ್ ಇಷ್ಟು, ಲಾಟ್ ಅಷ್ಟು ಎಂದು. ಲಾಟು ನಮ್ಮ ಮನೆಯ ಮಾತು. ಅದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ.

ನಾನು ಹುಟ್ಟಿದ್ದು ಅಕ್ಕೂರಿನಲ್ಲಿ, ರೇಷ್ಮೆ ಸಾಕುವ ಮನೆಯಲ್ಲಿ. ನಮ್ಮಲ್ಲಿ ನೆಂಟರಿಗಿಂತ ಹುಳಕ್ಕೆ ಮರ್ಯಾದೆ ಹೆಚ್ಚು. ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತಾರೆ. ಹುಳ ಜ್ವರಕ್ಕೆ ಕೂತಿವೆ ಎಂದರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿಲ್ಲ, ಒಗ್ಗರಣೆ ಕೂಡ ಹಿತ್ತಲಿನಲ್ಲೇ. ಹುಳ ಹಣ್ಣಾದವು, ಅಂದರೆ ಗೂಡು ಕಟ್ಟುವಷ್ಟು ಬಲಿತವು ಎಂದರೆ ನಮಗೆ ಶಾಲೆಗೆ ರಜೆ. ಶಾಲೆಯವರು ಕೊಟ್ಟದ್ದಲ್ಲ, ಅಪ್ಪ ಕೊಟ್ಟದ್ದು. ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ಸುತ್ತುಸುತ್ತಾಗಿ ನಿಲ್ಲಿಸಿ ಕಟ್ಟಿದ, ಬಾಗಿಲಷ್ಟು ದೊಡ್ಡದಾದ ಸಾಧನ ಅದು. ಆ ಸುತ್ತುಗಳ ಸಂದಿಯಲ್ಲಿ ಹುಳ ಕೂತು ನೂಲು ಬಿಟ್ಟುಕೊಂಡು ಗೂಡಾಗುತ್ತದೆ. ಅಂಗಳದ ಗೋಡೆಗೆ ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿ, ಎಳೆ ಬಿಸಿಲು ಅವುಗಳ ಮೇಲೆ ಬಿದ್ದರೆ, ಆಹಾ, ಅದನ್ನು ಹೇಗೆ ಹೇಳಲಿ. ಹೇಳುವುದು ನನ್ನ ಕೈಲಾಗುವುದಿಲ್ಲ. ಅದನ್ನು ಬರೆಯಬಲ್ಲವರೊಬ್ಬರು ನಮ್ಮ ಅಂಗಳಕ್ಕೆ ಬಂದಿದ್ದರು, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಗೂಡು ಬಿಡಿಸಿ ಚೀಲಕ್ಕೆ ತುಂಬಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುವಾಗ ಅಪ್ಪನ ಜೊತೆ ಅವ್ವನೂ ಹೋಗುತ್ತಿದ್ದಳು, ಅವ್ವನ ಸೆರಗು ಹಿಡಿದು ನಾನು. ಮಾರುಕಟ್ಟೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಗೋಣಿತಾಟು, ಬೀಡಿ, ಬೆವರು, ಅದರೊಳಗೆ ಗೂಡಿನ ಹಸಿ ವಾಸನೆ. ಜಾಲರಿಯ ತೊಟ್ಟಿಗೆ ಗೂಡು ಸುರಿದ ಮೇಲೆ ಅದಕ್ಕೊಂದು ನಂಬರು. ಅದೇ ನಮ್ಮ ಲಾಟು. ಆಮೇಲೆ ರೀಲರುಗಳು ಬರುತ್ತಾರೆ, ಗೂಡು ಕೊಂಡು ನೂಲು ತೆಗೆಸುವವರು. ಒಂದೊಂದೇ ಲಾಟಿಗೆ ಮೊಣಕೈವರೆಗೆ ಕೈ ಇಳಿಸಿ, ಹಿಸುಕಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಯಾರು ಬೇಕಾದರೂ ನೋಡಬಹುದು, ಎಷ್ಟು ಬೇಕಾದರೂ ನೋಡಬಹುದು, ಪುಕ್ಕಟೆ. ಹೀಗಾಗಿ ಪ್ರಿವ್ಯೂ ಎನ್ನುವುದನ್ನು ನಾನು ಚಿಕ್ಕಂದಿನಲ್ಲೇ ಕಂಡವಳು.

ಅಲ್ಲೊಂದು ಪದ್ಧತಿ. ಲಾಟನ್ನು ಬಿಟ್ಟು ಹೋಗುವಂತಿಲ್ಲ. ಮನೆಯವರು ಯಾರಾದರೊಬ್ಬರು ಪಕ್ಕದಲ್ಲಿ ನಿಂತಿರಲೇಬೇಕು. ಒಂದು ಲಾಟಿನ ಗೂಡು ಇನ್ನೊಂದಕ್ಕೆ ಬೆರೆಯಬಾರದು ಎನ್ನುವುದು ಒಂದು ಕಾರಣ. ಅವ್ವ ಹೇಳುತ್ತಿದ್ದ ಕಾರಣ ಬೇರೆ. "ಕಂಡೋರು ಬಂದು ಕೈಯಾಕಿ ನೋಡ್ತಾರೆ. ಪಕ್ದಲ್ಲಿ ನಮ್ಮೋರು ಅಂತ ಒಬ್ರು ಬ್ಯಾಡ್ವಾ?" ಎನ್ನುತ್ತಿದ್ದಳು. ಅಪ್ಪ ಟೀ ಕುಡಿದು ಬರುತ್ತೇನೆ ಎಂದು ಹೋದರೆ ಊರಿನ ರಾಜಕೀಯವನ್ನೆಲ್ಲ ಇತ್ಯರ್ಥ ಮಾಡಿಯೇ ಬರುತ್ತಿದ್ದದ್ದು. ಹಾಗಾಗಿ ನಿಲ್ಲುವುದು ಅವ್ವನ ಪಾಲಿಗೆ. ನಮ್ಮ ಲಾಟನ್ನು ಯಾವಾಗಲೂ ನೋಡುತ್ತಿದ್ದ ವಯಸ್ಸಾದ ರೀಲರೊಬ್ಬರಿದ್ದರು, ಅವರನ್ನು ನಾವು ಸಾಬ್ರು ಎಂದೇ ಕರೆಯುತ್ತಿದ್ದೆವು. ಅವರು ಪ್ರತಿ ಸಲವೂ ಮುಖ ಸಣ್ಣದು ಮಾಡಿ, "ಏನಮ್ಮಾ, ಗೂಡು ಒಸಿ ಮೆತ್ಗೈತಲ್ಲ?" ಎನ್ನುತ್ತಿದ್ದರು.

"ಗೂಡ್ ಮೆತ್ಗಿಲ್ಲ ಸಾಬ್ರೆ, ನಿಮ್ ಬೆರಳು ಗಟ್ಟಿ ಆಗೋಗವೆ. ಇನ್ನೊಂದ್ಸತಿ ಇಸುಕಿ ನೋಡಿ" ಎಂದು ಅವ್ವ. ಸಾಬ್ರು ನಕ್ಕು ಇನ್ನೊಂದು ಸಲ ಹಿಸುಕುತ್ತಿದ್ದರು. ಹೋಗುವಾಗ ಒಂದು ಗೂಡು ನನ್ನ ಕೈಗೆ ಹಾಕಿ, "ಬೇಟಿ, ಜೋಪಾನ" ಎನ್ನುತ್ತಿದ್ದರು. ನಮ್ಮದೇ ಗೂಡನ್ನು ನಮಗೇ ಕೊಡುತ್ತಾರಲ್ಲ ಎಂದು ನನಗೆ ಅನುಮಾನ ಬರುತ್ತಿತ್ತು, ಆದರೂ ಖುಷಿಯಾಗುತ್ತಿತ್ತು.

ಹರಾಜಿನ ಕೂಗು ಎಲ್ಲ ಮುಗಿದು ರೇಟು ನಿಂತ ಮೇಲೆ ಮಾರುಕಟ್ಟೆಯವರು ಲಾಟಿನ ಹತ್ತಿರ ಬಂದು ಕೇಳುತ್ತಿದ್ದರು. "ಒಪ್ಗೆನಾ?" ಅಷ್ಟೇ ಮಾತು. ಪಕ್ಕದಲ್ಲಿ ನಿಂತವರು ಒಪ್ಪಿಗೆ ಎಂದರೆ ಮಾರಾಟ. ಇಲ್ಲ ಎಂದರೆ ಎಂಥ ದೊಡ್ಡ ರೀಲರಾದರೂ ಕೈ ಒದರಿಕೊಂಡು ಮುಂದಿನ ಲಾಟಿಗೆ ಹೋಗಬೇಕು. ಈಗ ಕೂಗಿಲ್ಲ, ಎಲ್ಲ ಮೊಬೈಲಿನಲ್ಲೇ ಒತ್ತುತ್ತಾರೆ. ಒಪ್ಪದಿದ್ದರೆ ಬಿಡುವ ಹಕ್ಕು ಮಾತ್ರ ಇನ್ನೂ ಇದೆ. ಒಂದು ಸಲ ಅಪ್ಪ ಟೀ ಅಂಗಡಿಯಲ್ಲಿದ್ದಾಗ ಅವ್ವ ಒಳ್ಳೆಯ ರೇಟಿಗೇ "ಇಲ್ಲ" ಎಂದುಬಿಟ್ಟಳು. ಮಧ್ಯಾಹ್ನದ ಕೂಗಿನಲ್ಲಿ ಅಷ್ಟೂ ಬರಲಿಲ್ಲ. ಅಪ್ಪ ಬಸ್ಸಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದ. ಊರು ಬಂದ ಮೇಲೆ, "ನಿಂಗೊಪ್ಪಿಲ್ಲ ಅಂದ್ಮೇಲೆ ಮುಗೀತು ಬುಡು" ಎಂದ.

ಇದೇ ಅಪ್ಪ ನನ್ನ ಮದುವೆಯ ವಿಷಯದಲ್ಲೂ ಮಾರುಕಟ್ಟೆಯ ಪದ್ಧತಿಯನ್ನೇ ಹಿಡಿದ. ಹೆಣ್ಣು ನೋಡುವ ಶಾಸ್ತ್ರವೂ ಒಂದು ಪ್ರಿವ್ಯೂ ತಾನೆ? ಬಿಸ್ಕತ್ತಿನ ಬದಲು ಕೇಸರಿಬಾತು. ಕನಕಪುರದ ಕಡೆಯಿಂದ ಒಬ್ಬರು ನೋಡಲು ಬಂದಾಗ ಅವ್ವ ನನ್ನ ಪಕ್ಕದಲ್ಲಿ ಥೇಟ್ ಲಾಟಿನ ಪಕ್ಕ ನಿಂತ ಹಾಗೇ ನಿಂತಿದ್ದಳು. ಅವರು ಒಪ್ಪಿದರು. ಅಪ್ಪ ಒಳಗೆ ಬಂದು ಬಾಗಿಲು ಮುಂದೆ ಮಾಡಿ, "ಏನವ್ವ, ಒಪ್ಗೆನಾ?" ಎಂದು ನನ್ನನ್ನು ಕೇಳಿದ. ಆ ಗಂಡು ನಗುವಾಗ ಸದ್ದು ಮೂಗಿನಿಂದ ಬರುತ್ತಿತ್ತು. ನಾನು ಇಲ್ಲ ಎಂದೆ. ಅಪ್ಪ ಹೊರಗೆ ಹೋಗಿ, "ನಮ್ ಲಾಟು ಒಪ್ಲಿಲ್ಲ ಸ್ವಾಮಿ" ಎಂದು ಹೇಳಿ ಕಳಿಸಿದ. ಮಾಗಡಿಯವರು ಬಂದಾಗ ನಾನು ಹೂಂ ಎಂದೆ. ಈಗ ಅವರು, ಅಲ್ಲೇನು ಕೆಲಸ ನಿನಗೆ ಎಂದು ಕೇಳುತ್ತಾರೆ, ಇರಲಿ.

ಆ ದಿನ ಪಾತ್ರೆ ತೊಳೆಯುತ್ತ ನಾನು ಅವ್ವನನ್ನು ಕೇಳಿದ್ದೆ, ನಿನ್ನನ್ನು ಯಾರು ಕೇಳಿದರು ಎಂದು. ಅವ್ವ ತಲೆ ಎತ್ತದೆ, "ನನ್ನ ಯಾರ್ ಕೇಳಾರು ಕಣವ್ವ. ನಮ್ಮಪ್ಪ ಎಲೆಅಡಿಕೆ ಇಸ್ಕೊಂಡ್ ಬಂದು ಹೇಳ್ತು, ಅಷ್ಟೇಯ" ಎಂದಳು. ಒಂದು ಚೊಂಬು ಉಜ್ಜಿ ಬೋರಲು ಹಾಕಿ, "ಗೂಡಿನ್ ಮಾರ್ಕೆಟ್ನೋರು ಒಬ್ರೇ ನೋಡು ನನ್ನ ಕೇಳ್ತಿದ್ದೋರು" ಎಂದಳು. ಹೇಳಿ ನಕ್ಕಳು. ನಾನೂ ನಕ್ಕೆ. ಆ ಮಾತಿನ ಭಾರ ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು.

ಈಗ ಅಂಗಳಕ್ಕೆ ಬಂದವರ ವಿಷಯ. ನಾನು ಚಿಕ್ಕವಳಿದ್ದಾಗ ಬೆಂಗಳೂರಿನಿಂದ ಒಬ್ಬರು ಡ್ರಾಯಿಂಗ್ ಮೇಷ್ಟ್ರು ರಾಮನಗರದ ಬೆಟ್ಟಗಳನ್ನು ಬರೆಯಲು ಬಂದಿದ್ದರು. ಬೆಟ್ಟಗಳು ಸಾಕಾಗಿಯೋ ಬಿಸಿಲು ತಾಳಲಾರದೆಯೋ ತಿರುಗುತ್ತ ತಿರುಗುತ್ತ ನಮ್ಮೂರಿನ ತನಕ ಬಂದು, ನೀರು ಕೇಳಿಕೊಂಡು ನಮ್ಮ ಅಂಗಳಕ್ಕೆ ಬಂದರು. ಗೋಡೆಗೆ ಒರಗಿಸಿದ್ದ ಚಂದ್ರಿಕೆಗಳನ್ನು ನೋಡಿ ಚೊಂಬು ಕೈಯಲ್ಲಿ ಹಿಡಿದೇ ನಿಂತರು. ಆ ಬೆಳೆ ಮುಗಿಯುವ ತನಕ ದಿನಾ ಬಂದರು. ಅಪ್ಪ ಅವರಿಗೆ ಒಂದು ಸ್ಟೂಲು ಹಾಕಿಕೊಟ್ಟ. ನಾನು ಅವರ ಬಣ್ಣದ ನೀರಿನ ಡಬ್ಬಿಗೆ ಕಾವಲು.

ಅವರಿಗೆ ಚಿತ್ರದಲ್ಲಿ ಅವ್ವ ಬೇಕಿತ್ತು. ಅವ್ವ ಒಪ್ಪಲಿಲ್ಲ. "ನನ್ ಮಕ ಬರ್ದು ಏನ್ಮಾಡೀರಿ, ಹೋಗಿ ಸ್ವಾಮಿ" ಎಂದು ಬಾಗಿಲೊಳಗೆ ಹೋಗಿಬಿಟ್ಟಳು. ಆದರೆ ಗಾಳಿಗೆ ಕೊನೆಯ ಚಂದ್ರಿಕೆ ಬೀಳುವ ಹಾಗಿತ್ತು, ಅದನ್ನು ಬಿಡಲಾರಳು. ಹೀಗಾಗಿ ಒಳಗಿನಿಂದಲೇ ಒಂದು ಕೈ ಚಾಚಿ ಅದನ್ನು ಹಿಡಿದುಕೊಂಡಿದ್ದಳು. ಮೇಷ್ಟ್ರು ಅದನ್ನೇ ಬರೆದರು. ಬಿಸಿಲು, ಬಿಳೀ ಗೋಡೆ, ಸಾಲಾಗಿ ಚಂದ್ರಿಕೆಗಳು, ತುದಿಯಲ್ಲಿ ಬಾಗಿಲ ಕತ್ತಲೊಳಗಿನಿಂದ ಬಂದ ಹಸಿರು ಬಳೆಯ ಒಂದು ಕೈ. ಮುಗಿಸಿದ ದಿನ ಚಿತ್ರವನ್ನು ಅಪ್ಪನ ಕೈಗೆ ಕೊಟ್ಟು, "ಬಿಸಿಲು ನಿಮ್ಮದು, ಚಂದ್ರಿಕೆ ನಿಮ್ಮದು, ಇದೂ ನಿಮ್ಮಲ್ಲೇ ಇರಲಿ" ಎಂದು ಹೇಳಿ ಹೋದರು.

ಅದು ನಮ್ಮ ಹಜಾರದಲ್ಲಿ ಹೊಗೆ ಕುಡಿದುಕೊಂಡು ವರ್ಷಗಟ್ಟಲೆ ಇತ್ತು. ಅದರ ಮೊಳೆಗೇ ಕ್ಯಾಲೆಂಡರು, ಅದರ ಹಿಂದೆಯೇ ಹಲ್ಲಿ ಸಂಸಾರ. ಯಾರಾದರೂ ಹೊಸಬರು ಬಂದರೆ ಅವ್ವ ಸೆರಗಿನಿಂದ ಗಾಜು ಒರೆಸಿ, "ಆ ಕೈ ನಂದೇ" ಎನ್ನುತ್ತಿದ್ದಳು.

ಅಪ್ಪ ಹೋದ ಮೇಲೆ ಅಣ್ಣ ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದ. ಹೊಸ ಗೋಡೆಗೆ ಮೊಳೆ ಹೊಡೆಯುವುದು ಬೇಡ ಎಂದು ಚಿತ್ರ ಅಟ್ಟದ ಮೇಲೆ ಹೋಯಿತು. ಅದೇ ಹೊತ್ತಿಗೆ ಮನೆ ನೋಡಲು ಬಂದಿದ್ದ ನಮ್ಮ ಕಾಲೇಜಿನ ಉಪನ್ಯಾಸಕರೊಬ್ಬರು ಅದನ್ನು ನೋಡಿ, ಮೂಲೆಯ ಸಹಿ ಓದಿ, ಆ ಮೇಷ್ಟ್ರು ತೀರಿಕೊಂಡ ಮೇಲೆ ಬಹಳ ಹೆಸರಾಗಿದ್ದಾರೆ, ಹರಾಜಿನವರು ಹುಡುಕಿಕೊಂಡು ಬರುತ್ತಾರೆ ಎಂದರು. ಹಾಗೇ ಬಂದರು. ಅಣ್ಣ ಅವ್ವನನ್ನು ಕೇಳಿದ, ಕೇಳಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ.

"ಅವ್ವ, ಅಟ್ಟದ್ ಮ್ಯಾಲಿರದು ಹರಾಜಿಗ್ ಹಾಕನಾ?"

"ಹಾಕಪ್ಪ, ನೋಡನ" ಎಂದಳು ಅವ್ವ.

ನಾವೆಲ್ಲ ಆ ಮಾತಿನ ಮೊದಲರ್ಧವನ್ನಷ್ಟೇ ಕೇಳಿಸಿಕೊಂಡೆವು.

ಚಿತ್ರ ಹೋಯಿತು. ಸ್ವಲ್ಪ ದಿನದ ಮೇಲೆ ಬೆಂಗಳೂರಿನಲ್ಲಿ ಪ್ರಿವ್ಯೂ ಇದೆ, ಬಂದು ನೋಡಬಹುದು ಎಂದು ಅವರಿಂದ ಮೆಸೇಜು ಬಂತು. ಅಣ್ಣನಿಗೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ತರುವ ಕೆಲಸ. ಅವ್ವ ಮಾತ್ರ, "ಲಾಟ್ ಒಂದೇ ಐತಲ್ಲ ಅಲ್ಲಿ, ನಡಿ ಹೋಗನ" ಎಂದು ಹೊರಟೇಬಿಟ್ಟಳು. ಇದ್ದ ಒಂದು ರೇಷ್ಮೆ ಸೀರೆ ಉಟ್ಟಳು. ಹೊರಡುವ ಮುಂಚೆ ಮನೆಯ ಗೂಡಿನ ರಾಶಿಯಿಂದ ಒಂದು ಗೂಡು ತೆಗೆದು ಎಲೆಅಡಿಕೆ ಸಂಚಿಗೆ ಹಾಕಿಕೊಂಡಳು. ಯಾಕೆಂದು ನಾನು ಕೇಳಲಿಲ್ಲ. ಬಸ್ಸು ಕೆಂಗಲ್ ದಾಟುವಾಗ ಆಂಜನೇಯನಿಗೆ ಕೂತಲ್ಲಿಂದಲೇ ಕೈಮುಗಿದು, "ಒಳ್ಳೇ ಕೂಗು ಬರ್ಲಪ್ಪ" ಎಂದಳು.

ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಬೇಡ ಎಂದರೂ ಕೇಳಲಿಲ್ಲ. ಒಳಗೆ ಹೋದ ಮೇಲೆ ಚಿತ್ರಗಳನ್ನು ನೋಡುವುದಕ್ಕಿಂತ ಅವುಗಳ ಅಕ್ಕಪಕ್ಕ ನೋಡತೊಡಗಿದಳು.

"ಇದ್ರ ಯಜಮಾನ್ರು ಎಲ್ಲವ್ರೆ?"

"ಯಾರೂ ಬಂದಿರಲ್ಲ ಅವ್ವ."

"ಅದ್ರದು?"

"ಅದ್ರದ್ದೂ ಇಲ್ಲ."

"ಅಯ್ಯೋ ಶಿವ್ನೆ. ಎಲ್ಲಾನೂ ಹಿಂಗೇ ಬುಟ್ಟೋಗ್ಬುಟ್ಟವ್ರಾ?" ಎಂದು ಅವ್ವ ಆ ಚಿತ್ರಗಳನ್ನು ಮರುಕದಿಂದ ನೋಡಿದಳು. ಗೋಡೆಯ ಮೇಲಿದ್ದ ಅವುಗಳ ಬೆಲೆ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಚಿತ್ರ ಒಳಗಿನ ಕೋಣೆಯಲ್ಲಿತ್ತು. ಹೊಗೆಯನ್ನೆಲ್ಲ ತೆಗೆದು ಶುಚಿ ಮಾಡಿದ್ದರು. ಗೋಡೆಯ ಬಿಳುಪು ಕಣ್ಣು ಕುಕ್ಕುತ್ತಿತ್ತು, ನಮ್ಮ ಅಂಗಳದ ಬಿಸಿಲು ಆ ಎ.ಸಿ. ಕೋಣೆಯಲ್ಲಿ ಹಾಗೇ ಬಿದ್ದಿತ್ತು. ಅವ್ವ ಹತ್ತಿರ ಹೋಗಿ, "ನೋಡ್ದಾ, ನನ್ ಕೈ ತೊಳ್ದವ್ರೆ" ಎಂದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಿತ್ರದ ಬಲಗಡೆ ನಿಂತಳು. ಕಾಲು ನೋಯುತ್ತದೆ ಕೂತುಕೋ ಎಂದರೆ, "ಲಾಟ್ ಬುಟ್ಟು ಕೂತ್ಕಳದಾ?" ಎಂದಳು.

ಬೆಳಿಗ್ಗೆಯೆಲ್ಲ ಅವ್ವನ ವ್ಯಾಪಾರ ನೋಡಬೇಕಿತ್ತು. ಬಂದವರಿಗೆಲ್ಲ ಚಂದ್ರಿಕೆ ಅಂದರೇನು, ಹುಳ ಹೇಗೆ ಹಣ್ಣಾಗುತ್ತದೆ, ಆ ಬೆಳೆ ಎಷ್ಟು ಚೆನ್ನಾಗಿತ್ತು ಎಂದು ವಿವರಿಸಿದಳು. ನಾನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತರ್ಜುಮೆ. ತೆಳು ಫ್ರೇಮಿನ ಕನ್ನಡಕದ ಹಿರಿಯರೊಬ್ಬರು ಎರಡು ಮೂರು ಸಲ ಬಂದು ನೋಡಿ, ಕೊನೆಗೆ ಕನ್ನಡದಲ್ಲೇ, "ಅಮ್ಮಾ, ಈ ಕೈ ಯಾರದು?" ಎಂದು ಕೇಳಿದರು. ಅವ್ವ ತನ್ನ ಕೈಯನ್ನು ಚಿತ್ರದ ಕೈಯ ಪಕ್ಕಕ್ಕೆ ತಂದು, "ನಂದೇ ಕಣಪ್ಪ" ಎಂದಳು. ಒಂದು ಕೈ ತುಂಬಿಕೊಂಡಿತ್ತು, ಇನ್ನೊಂದರ ನರಗಳೆಲ್ಲ ಎದ್ದಿದ್ದವು, ಬಳೆ ಮಾತ್ರ ಅದೇ ಹಸಿರು. ಅವರು ಅವ್ವನಿಗೆ ಕೈಮುಗಿದರು.

ಮಧ್ಯಾಹ್ನ ಕೊರಳಿಗೆ ಕಾರ್ಡು ಹಾಕಿಕೊಂಡಿದ್ದ ಅಲ್ಲಿಯ ಹುಡುಗಿ ಅವ್ವನಿಗೆ ಕಾಫಿ ತಂದುಕೊಟ್ಟಳು. ಅವ್ವ ಅವಳನ್ನು ಮೆಲ್ಲಗೆ ಕೇಳಿದಳು. "ಯಾವಾಗವ್ವ ಕೇಳಕ್ ಬರೋದು?"

"ಏನ್ ಕೇಳೋಕೆ ಅಜ್ಜಿ?"

"ಒಪ್ಗೆನಾ ಅಂತವ."

ಹುಡುಗಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಆಗ ಅವಳು ಪಾಪ, ಬಹಳ ಮೃದುವಾಗಿ ವಿವರಿಸಿದಳು. ಹರಾಜು ಇಲ್ಲಿ ನಡೆಯುವುದಿಲ್ಲ, ಮುಂಬೈಯಲ್ಲಿ. ಇದಕ್ಕಿಂತ ಕಡಿಮೆಗೆ ಬೇಡ ಎನ್ನುವ ಬೆಲೆಯನ್ನು ಅಣ್ಣನ ಹತ್ತಿರ ಮೊದಲೇ ಮಾತಾಡಿದ್ದಾರೆ. ಅದನ್ನು ದಾಟಿ ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಹೋಗುತ್ತದೆ. ಆಮೇಲೆ ಯಾರನ್ನೂ ಕೇಳುವುದಿಲ್ಲ.

ಅವ್ವ ಕಾಫಿ ಲೋಟವನ್ನು ಹಾಗೇ ವಾಪಸು ಕೊಟ್ಟಳು. "ಅಂದ್ರೆ ನನ್ನ ಕೇಳಕಿಲ್ವಾ?" ಎಂದು ನನ್ನ ಮುಖ ನೋಡಿದಳು.

ಆಗ ನನಗೆ ಹೊಳೆಯಿತು. ಅವ್ವ ಚಿತ್ರವನ್ನು ಮಾರಲು ಒಪ್ಪಿಯೇ ಇರಲಿಲ್ಲ. ಹರಾಜಿಗೆ ಹಾಕಲು ಮಾತ್ರ ಒಪ್ಪಿದ್ದಳು. ಜೀವಮಾನವೆಲ್ಲ ಅವಳು ಕಂಡ ಹರಾಜಿನಲ್ಲಿ ಅವೆರಡೂ ಬೇರೆ ಬೇರೆ. ನೋಡನ ಎಂದದ್ದು ಅದಕ್ಕೇ. ಕೂಗು ಬರಲಿ, ನಾಲ್ಕು ಜನ ತನ್ನ ಲಾಟನ್ನು ಮೆಚ್ಚಲಿ, ಕೊನೆಗೆ ಕೇಳಲು ಬಂದಾಗ ಇಲ್ಲ ಎಂದು ಹೇಳಿ ಮನೆಗೆ ತರುವುದು ಅವಳ ಲೆಕ್ಕ.

ನಾನು ಹೊರಗೆ ಬಂದು ಅಣ್ಣನಿಗೆ ಫೋನು ಮಾಡಿದೆ. "ಈಗ ಹೆಂಗವ್ವ ಆಯ್ತದೆ?" ಎಂದ. "ಸೈನ್ ಮಾಡ್ಕೊಟ್ಟಿವ್ನಿ. ಹರಾಜಿನ್ ಪುಸ್ತಕ ಬೇರೆ ಪ್ರಿಂಟಾಗೋಗೈತೆ. ನಾನ್ ಕೇಳ್ನಿಲ್ವಾ? ಅವ್ವ ಹೂಂ ಅಂತಲ್ಲ."

"ಹೂಂ ಅನ್ನಲಿಲ್ಲ ಕಣಣ್ಣ. ನೋಡನ ಅಂತು."

ಅಣ್ಣನೂ ಗೂಡು ಬೆಳೆಯುವವನೇ, ಆ ಮಾತು ಅವನಿಗೆ ಅರ್ಥವಾಗದೆ ಇರುವುದಿಲ್ಲ. "ಥತ್" ಎಂದು ಫೋನಿಟ್ಟ. ಸಂಸ್ಥೆಯವರ ಹತ್ತಿರವೂ ಕೇಳಿ ನೋಡಿದೆವು. ಅವರು ನಯವಾಗಿಯೇ ಆಗುವುದಿಲ್ಲ ಎಂದರು.

ನಾನು ಒಳಗೆ ಬರುವಷ್ಟರಲ್ಲಿ ಅವ್ವ ಬೇರೆಯೇ ಕೆಲಸ ಶುರು ಮಾಡಿದ್ದಳು. ಚಿತ್ರದ ಮುಂದೆ ಯಾರು ನಿಂತರೂ, "ಚೆನ್ನಾಗಿಲ್ಲ ಕಣಪ್ಪ ಇದು. ಹೊಗೆ ಹಿಡ್ದಿತ್ತು. ಇವ್ರು ಸುಮ್ನೆ ತೊಳ್ದು ಮಡಗವ್ರೆ. ಹಿಂದ್ಗಡೆ ಹಲ್ಲಿ ಮೊಟ್ಟೆ ಇಕ್ಕಿತ್ತು" ಎನ್ನುತ್ತಿದ್ದಳು. ನಾನು ತರ್ಜುಮೆ ಮಾಡಬೇಕೋ ಬೇಡವೋ ತಿಳಿಯದೆ ನಿಂತೆ. ಕನ್ನಡ ಬಾರದ ದಂಪತಿಗಳು ಅದೇನೋ ಆಶೀರ್ವಾದವೆಂದು ತಿಳಿದು ನಮಸ್ಕಾರ ಮಾಡಿ ಹೋದರು. ನಗು ತಡೆಯಲು ನಾನು ಗೋಡೆಯ ಕಡೆ ತಿರುಗಿದೆ.

ನಗು ಅಲ್ಲಿಗೇ ನಿಂತಿತು. ಕನ್ನಡಕದ ಹಿರಿಯರು ಮತ್ತೆ ಬಂದರು, ಈ ಸಲ ಹೆಂಡತಿಯನ್ನು ಕರೆದುಕೊಂಡು. "ಇವರೇ ನೋಡು, ಆ ಕೈ ಇವರದೇ" ಎಂದು ಪರಿಚಯ ಮಾಡಿಸಿದರು. ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಚಿತ್ರವನ್ನೂ ನೋಡಲಿಲ್ಲ, ಅವರನ್ನೂ ನೋಡಲಿಲ್ಲ.

"ಅಲ್ಲ ಕಣಪ್ಪ" ಎಂದಳು. "ಸುಮ್ಕೆ ಹೇಳ್ದೆ. ಆ ಕೈ ನಂದಲ್ಲ."

ಎಷ್ಟೋ ವರ್ಷ ಬಂದವರಿಗೆಲ್ಲ ಗಾಜು ಒರೆಸಿ ತೋರಿಸಿದ ಕೈ ಅದು. ನನಗೆ ಅಳು ಬಂತು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ಬರುತ್ತದೆ.

ಸಂಜೆ ಜನ ಕರಗಿದರು. ಕಾರ್ಡಿನ ಹುಡುಗಿ ಬಂದು, "ಅಜ್ಜಿ, ಲೈಟ್ ಆಫ್ ಮಾಡ್ಲಾ?" ಎಂದು ಕೇಳಿದಳು. ಬೆಳಗಿನಿಂದ ಅವ್ವನನ್ನು ಯಾರಾದರೂ ಕೇಳಿದ ಒಪ್ಪಿಗೆ ಅದೊಂದೇ. ಅವ್ವ ನೆಟ್ಟಗೆ ನಿಂತು, ಮಾರುಕಟ್ಟೆಯಲ್ಲಿ ಹೇಳುತ್ತಿದ್ದ ಅದೇ ದನಿಯಲ್ಲಿ, "ಇಲ್ಲ ಕಣವ್ವ, ನಂಗೊಪ್ಗೆ ಇಲ್ಲ. ಈ ಲಾಟು ಕೊಡಕಿಲ್ಲ" ಎಂದಳು. ಹುಡುಗಿ ತಮಾಷೆ ಎಂದುಕೊಂಡು ನಕ್ಕಳು. ನಕ್ಕರೂ ದೀಪ ಆರಿಸದೆ ಪಕ್ಕದ ಕೋಣೆಗೆ ಹೋದಳು.

ಹೊರಡುವ ಮೊದಲು ಅವ್ವ ಸಂಚಿಯಿಂದ ಗೂಡು ತೆಗೆದು ಚಿತ್ರದ ಕೆಳಗೆ ನೆಲದ ಮೇಲೆ ಇಟ್ಟಳು. "ನಾವಿಲ್ದಿದ್ರೆ ಇದಾದ್ರೂ ಇರ್ಲಿ ಪಕ್ದಲ್ಲಿ" ಎಂದಳು. ನಾವು ಬಾಗಿಲು ದಾಟುವಷ್ಟರಲ್ಲಿ ಹುಡುಗಿ ಓಡಿಬಂದು, ಏನೋ ಬಿಟ್ಟು ಹೋಗಿದ್ದೀರಿ ಎಂದು ಅದನ್ನು ನನ್ನ ಕೈಗೆ ಕೊಟ್ಟಳು. ಅವ್ವನಿಗೆ ಕಾಣದ ಹಾಗೆ ಬ್ಯಾಗಿನ ಜಿಪ್ಪಿಗೆ ಹಾಕಿಕೊಂಡೆ.

ಚಿತ್ರ ಮಾರಾಟವಾಯಿತು. ಅಣ್ಣನಿಗೆ ಫೋನು ಬಂದ ದಿನ ನಾನೂ ಅಕ್ಕೂರಿನಲ್ಲಿದ್ದೆ. ಯಾರು ಕೊಂಡರೆಂದು ಅವರು ಹೇಳುವುದಿಲ್ಲವಂತೆ. ಅಣ್ಣ ಬಹಳ ಸಂಕೋಚದಿಂದ ಸುದ್ದಿ ಹೇಳಿ, "ನಿಂಗೆ ಏನ್ಬೇಕೋ ಹೇಳವ್ವ, ಮಾಡಿಸ್ತೀನಿ" ಎಂದ. ಅವ್ವ ಸೊಪ್ಪು ಕತ್ತರಿಸುತ್ತಿದ್ದಳು. ರೇಟು ಕೇಳಲಿಲ್ಲ.

"ಕೂಗುವಾಗ ಪಕ್ದಲ್ಲಿ ಯಾರ್ ನಿಂತಿದ್ರಪ್ಪ?" ಎಂದು ಕೇಳಿದಳು.

"ಯಾರೂ ಇರಕಿಲ್ಲ ಅವ್ವ. ಎಲ್ಲ ಫೋನಲ್ಲೇ ಕೂಗ್ತಾರೆ."

"ಯಾರೂ ನಿಂತಿರ್ನಿಲ್ವಾ" ಎಂದಳು ಅವ್ವ. ಮತ್ತೆ ಆ ವಿಷಯ ಎತ್ತಲಿಲ್ಲ.

ಅವ್ವ ಈಗಿಲ್ಲ. ಆಧಾರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದೇವೆ. ಅಣ್ಣನೇ ಹೊಸ ಗೋಡೆಗೆ ಮೊಳೆ ಹೊಡೆದ. ಅದರಲ್ಲಿ ಮುಖ ಇದೆ, ಕೈ ಇಲ್ಲ.

ಹರಾಜಿನ ಚಿತ್ರಗಳು ಒಂದೇ ಮನೆಯಲ್ಲಿ ಇರುವುದಿಲ್ಲವಂತೆ. ಕೊಂಡವರು ವರ್ಷಗಳ ಮೇಲೆ ಮತ್ತೆ ಹರಾಜಿಗೆ ತರುತ್ತಾರಂತೆ. ಅದಕ್ಕೇ ನಾನು ಪ್ರಿವ್ಯೂಗಳಿಗೆ ಹೋಗುತ್ತೇನೆ. ಕೊಳ್ಳುವ ಶಕ್ತಿ ನನಗಿಲ್ಲ. ಒಂದು ದಿನ ಆ ಬಿಳೀ ಗೋಡೆ, ಆ ಹಸಿರು ಬಳೆ ಸಿಕ್ಕರೆ ಪಕ್ಕದಲ್ಲಿ ನಿಲ್ಲುತ್ತೇನೆ, ಅಷ್ಟೇ. ಅದಕ್ಕೇ ಗೂಡು ಬ್ಯಾಗಿನಲ್ಲಿದೆ.

ಹೋದ ಶನಿವಾರವೂ ಸಿಗಲಿಲ್ಲ. ಕೊನೆಯ ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಹಳೇ ಚಿತ್ರವಿತ್ತು. ಯಾವುದೋ ಊರಿನ ಯಾವುದೋ ಹೆಂಗಸು ಮೊರದಲ್ಲಿ ಏನನ್ನೋ ಕೇರುತ್ತಿದ್ದಳು. ಯಾರೂ ಆ ಕಡೆ ಬರುತ್ತಿರಲಿಲ್ಲ. ನಾನು ಹೋಗಿ ಅದರ ಬಲಗಡೆ ನಿಂತುಕೊಂಡೆ. ಕಾಲು ನೋಯಲು ಶುರುವಾದ ಎಷ್ಟೋ ಹೊತ್ತಿನ ಮೇಲೆ, ಕೊರಳಲ್ಲಿ ಕಾರ್ಡಿದ್ದ ಹುಡುಗಿಯೊಬ್ಬಳು ಬಂದಳು, ಇವಳು ಬೇರೆ.

"ಮೇಡಂ, ತುಂಬಾ ಹೊತ್ತಿಂದ ಇಲ್ಲೇ ನಿಂತಿದೀರ. ಯಾರನ್ನಾದ್ರೂ ಕಾಯ್ತಿದೀರಾ?"

"ಯಾರನ್ನೂ ಇಲ್ಲಮ್ಮ" ಎಂದೆ. "ಲಾಟ್ ಕಾಯ್ತಿದೀನಿ."